ದೇಹು ರೋಡ್ ದಾಟದ ನನ್ನ ಸ್ಕೂಟರ್

ಹೋದ ಶ್ರಾವಣದಲ್ಲಿ ನನ್ನ ಸ್ಕೂಟರ್ ನಡುದಾರಿಯಲ್ಲಿ ನಿಲ್ಲತೊಡಗಿತು. ಸ್ಕೂಟರ್ ಕೆಟ್ಟದ್ದನ್ನೂ ದೇವರ ಕೃಪೆ ಎಂದು ಬರೆಯುತ್ತಾಳಲ್ಲ ಎಂದು ಮೈಲಾರಲಿಂಗನ ಒಕ್ಕಲಿನವರಾದ ನೀವು ನಗಬಹುದು. ಪೂರ್ತಿ ಓದಿರಿ, ಆಮೇಲೆ ನಗಿರಿ.

ನನ್ನ ಹೆಸರು ಶೋಭಾ. ವಯಸ್ಸು ನಲವತ್ತೊಂಬತ್ತು. ತವರು ಚಿಕ್ಕೋಡಿ ಕಡೆಯ ಒಂದು ಹಳ್ಳಿ. ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಯಜಮಾನರು ಭೋಸರಿಯ ಒಂದು ಕಾರ್ಖಾನೆಯಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷ. ಮಕ್ಕಳಿಲ್ಲ. ಭೋಸರಿಯಲ್ಲೇ ಒಂದು ಕೋಣೆಯಲ್ಲಿ ಇದ್ದೇನೆ. ಹಾಸಿಗೆ ಹಿಡಿದವರ ಮನೆಗೆ ಹೋಗಿ ನೋಡಿಕೊಳ್ಳುವ ನರ್ಸ್ ಕೆಲಸ ನನ್ನದು. ಒಂದು ಸಂಸ್ಥೆಯವರು ಮನೆ ಹೇಳುತ್ತಾರೆ, ನಾನು ಹೋಗುತ್ತೇನೆ. ಸ್ಕೂಟರ್ ಯಜಮಾನರದು. ಅವರು ಹೋದ ಮೇಲೆ ಓಡಿಸಲು ಕಲಿತೆ.

ಆಷಾಢದ ಮೊದಲಿಗೆ ತಳೇಗಾಂವ ದಾಭಾಡೆಯ ಒಂದು ಮನೆ ಸಿಕ್ಕಿತು. ಎಪ್ಪತ್ತನಾಲ್ಕರ ಮರಾಠಿ ಹಿರಿಯರು. ಕಾಕಾ ಎಂದು ಕರೆಯುತ್ತಿದ್ದೆ. ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದು ಆಪರೇಷನ್ ಆಗಿತ್ತು. ವಾಕರ್ ಹಿಡಿದು ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ಅವರು ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದರೆ ಮುಗಿಯಿತು. ಹೆಂಡತಿ ಹಿಂದಿನ ವರ್ಷ ಹೋಗಿದ್ದರಂತೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಆ ಮನೆಯಲ್ಲಿ ನಾವಿಬ್ಬರೇ. ಮಾತ್ರೆ ಕೊಟ್ಟರೆ ‘ಹ್ಞೂಂ’, ಊಟ ಕೊಟ್ಟರೆ ‘ಸಾಕು’. ಅಲ್ಲಿಂದ ಕೋಣೆಗೆ ಬಂದರೆ ಅಷ್ಟೂ ಇಲ್ಲ. ಕೆಲವು ದಿನ ಅಂಗಡಿಯವನಿಗೆ ‘ಅರ್ಧ ಲೀಟರ್ ಹಾಲು’ ಅಂದದ್ದೇ ನನ್ನ ಸಂಜೆಯ ಮಾತೆಲ್ಲ.

ಸ್ಕೂಟರ್ ಕೈಕೊಟ್ಟದ್ದು ಹೀಗೆ: ಭೋಸರಿಯಿಂದ ಹೊರಟು ಅರ್ಧ ಗಂಟೆ ಚೆನ್ನಾಗಿ ಓಡುತ್ತಿತ್ತು. ಹಳೆಯ ಹೆದ್ದಾರಿಯಲ್ಲಿ ದೇಹು ರೋಡ್ ಹತ್ತಿರ ಬರುವಷ್ಟರಲ್ಲಿ ಎರಡು ಸಲ ಕೆಮ್ಮಿದಂತೆ ಮಾಡಿ ನಿಂತುಬಿಡುತ್ತಿತ್ತು. ಎಷ್ಟು ಕಿಕ್ ಹೊಡೆದರೂ ಇಲ್ಲ. ಬದಿಗೆ ತಳ್ಳಿ, ಬೆವರು ಒರೆಸಿಕೊಂಡು, ಸೀಟು ಎತ್ತಿ ಪೆಟ್ರೋಲ್ ಇದೆಯೇ ಎಂದು ನೋಡಿ, ಮತ್ತೆ ಕಿಕ್ ಹೊಡೆದರೆ ಏನೂ ಆಗದಂತೆ ಚಾಲೂ ಆಗುತ್ತಿತ್ತು. ಒಬ್ಬ ಮೆಕ್ಯಾನಿಕ್ ಪ್ಲಗ್ ಬದಲಿಸಿದ. ಇನ್ನೊಬ್ಬ ಕಾರ್ಬೊರೇಟರ್ ಬಿಚ್ಚಿ ತೊಳೆದ. ಮೂರನೆಯವನು ವಿಜಯಪುರದ ಕಡೆಯವನು. ನಮ್ಮ ಮಾತಿನವ ಎಂದು ಆಸೆಯಿಂದ ಹೋದೆ. ಅವನು ಓಣಿಯಲ್ಲಿ ಎರಡು ಸುತ್ತು ಹೊಡೆದು ಬಂದು, “ಅಕ್ಕಾರ, ಗಾಡಿ ಛೊಲೊ ಅದ. ನಿಮ್ಮ ಮನಸಿನ್ಯಾಗ ಅಂಜಿಕಿ ಹೊಕ್ಕದ, ಅದಕ್ಕ ನಿಂದರತದ” ಎಂದ. ಇರಬಹುದು ಎಂದು ನಾನೂ ನಂಬಿದೆ. ಒಬ್ಬಳೇ ಇದ್ದರೆ ತಪ್ಪು ತನ್ನದೇ ಎನ್ನುವುದು ಬೇಗ ರೂಢಿಯಾಗುತ್ತದೆ.

ಶ್ರಾವಣದ ಮೂರನೆಯ ಮಂಗಳವಾರ. ಮಳೆ ನಿಂತು ರಸ್ತೆ ಇನ್ನೂ ಒದ್ದೆಯಾಗಿತ್ತು. ಮುಂದಿನ ಟೆಂಪೋ ದಾಟಲು ಬಲಕ್ಕೆ ಸರಿದಿದ್ದೆ, ಅಲ್ಲೇ ಇಂಜಿನ್ ಸತ್ತಿತು. ಹಿಂದಿನಿಂದ ಕಂಟೇನರ್ ಲಾರಿಯ ಹಾರ್ನ್. ಹ್ಯಾಂಡಲ್ ಎಡಕ್ಕೆ ಎಳೆದದ್ದಷ್ಟೇ ನೆನಪು. ಜಲ್ಲಿಕಲ್ಲಿನ ಮೇಲೆ ಬಿದ್ದಾಗ ಲಾರಿಯ ಚಕ್ರದ ಗಾಳಿ ಮುಖಕ್ಕೆ ಬಡಿಯಿತು. ಯಾರೋ ರಿಕ್ಷಾದವರು ಆಸ್ಪತ್ರೆಗೆ ಮುಟ್ಟಿಸಿದರು. ಮೊಣಕಾಲಿಗೆ ಒಂಬತ್ತು ಹೊಲಿಗೆ. ಹೊಲಿಯುವಾಗ ನಾನು ಅಳಲಿಲ್ಲ.

ಆಮೇಲೆ ಕೌಂಟರಿನ ಹುಡುಗಿ ಮರಾಠಿಯಲ್ಲಿ, “ನಿಮ್ಮವರ ನಂಬರ್ ಹೇಳ್ರಿ, ಫೋನ್ ಮಾಡ್ತೀನಿ” ಎಂದಳು. ತಲೆ ಮಂಕಾಗಿತ್ತು. ಬಾಯಿಗೆ ಬಂದ ನಂಬರ್ ಹೇಳಿದೆ. ಅವಳು ಒತ್ತಿ, ಸ್ಪೀಕರಿಗೆ ಹಾಕಿದಳು. ಯಾವನೋ ತರುಣನ ಧ್ವನಿ ಬಂತು: “ಯಾರು ಶೋಭಾ? ನನಗ ಗೊತ್ತಿಲ್ಲ.”

ನಾನು ಹೇಳಿದ್ದು ಯಜಮಾನರ ನಂಬರು. ಅದನ್ನು ಈಗ ಇನ್ನಾರಿಗೋ ಕೊಟ್ಟಿದ್ದಾರೆ.

“ಬ್ಯಾರೆ ಯಾರರ?” ಎಂದಳು ಹುಡುಗಿ.

“ಇಲ್ಲವ್ವಾ” ಎಂದೆ. ಅವಳು ನನ್ನ ಮುಖ ನೋಡಿ ಪೆನ್ನು ಎತ್ತಿಕೊಂಡಳು. ಫಾರಂನಲ್ಲಿ ನಮ್ಮವರ ನಂಬರಿನ ಜಾಗಕ್ಕೆ ಒಂದು ಗೆರೆ ಎಳೆದಳು.

ಅಂದು ಕೋಣೆಗೆ ಬಂದು ದೇವರ ಮುಂದೆ ಕುಳಿತೆ. ಕುದುರೆ ಏರಿದ ಮೈಲಾರಲಿಂಗ, ಹಿಂದೆ ಗಂಗಿಮಾಳವ್ವ. ತವರಿನಿಂದ ತಂದ ಪಟ. ಬಾಗಿ ನಮಸ್ಕಾರ ಮಾಡಲು ಕಾಲು ಮಡಚುತ್ತಿರಲಿಲ್ಲ. ಕಾಲು ಚಾಚಿಕೊಂಡೇ ಜಗಳ ತೆಗೆದೆ. “ಏಳು ಕೋಟಿ ದಂಡು ಕಟಗೊಂಡು ಕುದರಿ ಮ್ಯಾಲ ತಿರಗಾಂವ ನೀ. ನನಗಿರೂದು ಒಂದ ಗಾಡಿ, ಅದೂ ನಡದಾರ್ಯಾಗ ಕೈ ಬಿಡತದ. ದಂಡು ಬ್ಯಾಡಪಾ ನನಗ. ಒಬ್ಬರನ್ನ ಕೊಡು, ಸಾಕು” ಎಂದು ಗಟ್ಟಿಯಾಗಿಯೇ ಕೇಳಿದೆ. ಸಿಟ್ಟಿನಿಂದ ಮರುದಿನ ದೀಪ ಹಚ್ಚಲಿಲ್ಲ. ಅದರ ಮರುದಿನವೂ ಹಚ್ಚಲಿಲ್ಲ. ಬುದ್ಧಿ ತಿಳಿದಾಗಿನಿಂದ ನಾನು ದೀಪ ತಪ್ಪಿಸಿದ್ದು ಅದೇ ಮೊದಲು.

ಐದು ದಿನ ಬಸ್ಸಿನಲ್ಲಿ ಹೋದೆ. ನಿಗಡಿಯಲ್ಲಿ ಬಸ್ ಬದಲಿಸಬೇಕು. ಹೊಲಿಗೆ ಹಾಕಿದ ಕಾಲಿನಲ್ಲಿ ನಿಂತು ಹೋದರೂ ಹತ್ತು ಗಂಟೆಯೊಳಗೆ ಮುಟ್ಟುತ್ತಿರಲಿಲ್ಲ. ಸಂಸ್ಥೆಯ ಮೇಡಂ ಫೋನ್ ಮಾಡಿ, “ಇನ್ನ ತಡಾ ಆದ್ರ ಬ್ಯಾರೇ ನರ್ಸ್‌ನ ಕಳಸ್ತೀವಿ ನೋಡ್ರಿ” ಎಂದರು. ಬಿದ್ದಲ್ಲಿಂದ ಮೆಕ್ಯಾನಿಕ್ ತಂದುಕೊಟ್ಟಿದ್ದ ಸ್ಕೂಟರನ್ನು ಆರನೆಯ ದಿನ ಅಂಜುತ್ತಲೇ ಮತ್ತೆ ತೆಗೆದೆ. ಅದೇ ದೇಹು ರೋಡ್, ಮತ್ತೆ ನಿಂತಿತು.

ಕಾಕಾನ ಮನೆ ಮುಟ್ಟಿದಾಗ ಒಂಬತ್ತೂವರೆ. ಸೊಸೆ ಕಾದು ಕಾದು ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿದ್ದಳು. ನಾನು ಬಿಸಿನೀರು ತಂದು ಕಾಕಾನ ಬೆನ್ನು ಒರೆಸುತ್ತಿದ್ದೆ. ಅವರ ಮುಖ ಎಂದಿನಂತೆ ಗೋಡೆಗೆ. ಕಾಣುವುದಿಲ್ಲ ಎಂಬ ಧೈರ್ಯಕ್ಕೆ ಅಳು ಬಂತು. ತಡೆಯಲಾಗಲಿಲ್ಲ, ಬಾಯಿಂದಲೂ ಬಿದ್ದುಹೋಯಿತು: “ತಪ್ಪಾತು ಕಾಕಾ. ಗಾಡಿ ನಿಂತಿತ್ತು. ದಿನಾ ನಿಂದರತದ. ಯಾಕಂತ ಯಾರಿಗೂ ತಿಳಿವಲ್ದು.”

ಗೋಡೆಯ ಕಡೆಯಿಂದಲೇ ಕಾಕಾನ ಧ್ವನಿ ಬಂತು. ಅವರು ಆಡಿದ್ದು ಮರಾಠಿಯಲ್ಲಿ, ನಮ್ಮ ಮಾತಿನಲ್ಲಿ ಬರೆಯುತ್ತೇನೆ.

“ಚಾಲೂ ಮಾಡಿದ ಮ್ಯಾಲೆ ಎಷ್ಟ ಹೊತ್ತಿಗೆ ನಿಂದರತದ?”

“ಅರ್ಧಾ ತಾಸಿಗೆ” ಎಂದೆ.

“ಪೆಟ್ರೋಲ್ ಟಾಕಿ ತುಂಬಿಸಿದ ದಿನ?”

ಯೋಚಿಸಿದೆ. “ಆ ದಿನ ಇನ್ನೂ ಲಗೂ ನಿಂದರತದ್ರಿ. ಪೆಟ್ರೋಲ್ ಕೆಟ್ಟದ್ದು ಹಾಕ್ಯಾರ ಅನಕೊಂಡಿದ್ದೆ.”

ಅವರು ನಿಧಾನವಾಗಿ ನನ್ನ ಕಡೆ ಹೊರಳಿದರು. ಎರಡು ತಿಂಗಳಲ್ಲಿ ಆ ಕಣ್ಣನ್ನು ಸರಿಯಾಗಿ ನೋಡಿದ್ದು ಅಂದೇ.

“ನಿಂತ ಮ್ಯಾಲೆ ಏನ ಮಾಡತಿ?”

“ಮುಚ್ಚಳಾ ತಗದು ಪೆಟ್ರೋಲ್ ನೋಡತೀನ್ರಿ.”

“ಮುಚ್ಚಳಾ ತಗಿಯೂಮುಂದ ಸುಸ್ಸ್ ಅಂತದೇನು?”

ಅನ್ನುತ್ತಿತ್ತು! ದಿನವೂ ಕೇಳುತ್ತಿದ್ದ ಸಪ್ಪಳ, ಯಾವ ಮೆಕ್ಯಾನಿಕ್‌ಗೂ ಹೇಳಬೇಕೆಂದು ತೋಚಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

“ಹೋಗು, ಮುಚ್ಚಳಾ ತಗೊಂಬಾ” ಎಂದರು. ಕಾಕಾ ಸ್ಕೂಟರ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಇಂಜಿನ್ ತಪಾಸಣೆ ಮಾಡಿದವರು ಎಂದು ನನಗೆ ತಿಳಿದದ್ದು ಆಮೇಲೆ.

ಮುಚ್ಚಳ ತಂದುಕೊಟ್ಟೆ. ತಿರುಗಿಸಿ ನೋಡಿದರು, ಬಾಯಿಗಿಟ್ಟು ಊದಿದರು. ಕೆನ್ನೆ ಉಬ್ಬಿತೇ ಹೊರತು ಗಾಳಿ ಆಚೆ ಹೋಗಲಿಲ್ಲ. “ಪೆಟ್ರೋಲ್ ಕಡಿಮಿ ಆದಂಗ ಒಳಗ ಗಾಳಿ ಹೋಗಬೇಕು, ಪೋರಿ. ಅದಕ್ಕ ಈ ಸಣ್ಣ ತೂತು. ಇದು ಕಟ್ಟಿದ್ರ ಟಾಕಿ ಪೆಟ್ರೋಲ್ ಬಿಡೂದಿಲ್ಲ, ಹಿಡಕೊಂಡು ಕೂಡತದ. ನೀ ಮುಚ್ಚಳಾ ತಗದಾಗ ಗಾಳಿ ಸಿಗತದ, ಗಾಡಿ ಜೀವಾ ಹಿಡಿತದ” ಎಂದರು. ನಲವತ್ತೊಂಬತ್ತು ವರ್ಷದ ನನ್ನನ್ನು ಪೋರಿ ಎಂದಿದ್ದರು. ಅವರ ತುಟಿಗೆ ಹಳದಿ ಹತ್ತಿತ್ತು. ಬೆರಳಿಂದ ಒರೆಸಿಕೊಂಡು ಮೂಸಿದರು. “ಇದು ಭಂಡಾರ ಅಲ್ಲೇನು?”

ಚೈತ್ರದಲ್ಲಿ ಮೈಲಾರಲಿಂಗನ ಜೇಜುರಿಗೆ ಹೋದಾಗ ತಂದ ಭಂಡಾರದ ಅರಿಸಿನ ಪುಡಿಯ ಪೊಟ್ಟಣವನ್ನು ಕಾವಲಿಗೆಂದು ಸೀಟಿನ ಕೆಳಗೆ, ಆ ಮುಚ್ಚಳದ ಪಕ್ಕದಲ್ಲೇ ಇಟ್ಟಿದ್ದೆ. ಮಳೆಗಾಲದ ಮೊದಲ ನೀರಿಗೆ ಪೊಟ್ಟಣ ಒಡೆದಿತ್ತು. ಮೇಲೆ ಮೇಲೆ ಒರೆಸಿ ಮರೆತಿದ್ದೆ. ತೂತಿನೊಳಗೆ ಹೋದದ್ದು ಒಣಗಿ ಗಟ್ಟಿಯಾಗಿ ಕುಳಿತಿತ್ತು.

“ನನ್ನ ದ್ಯಾವರ ನನ್ನ ಗಾಡಿ ನಿಲ್ಲಸ್ಯಾನ ಕಾಕಾ” ಎಂದು ಅಲ್ಲೇ ಕುಸಿದು ಕುಳಿತೆ.

“ಹುಚ್ಚಿ. ದೇವರಲ್ಲ, ಪುಡಿ ನಿಲ್ಲಿಸ್ಯದ. ಭಂಡಾರ ಹಣೀಗೆ ಹಚ್ಚೂದು, ಟಾಕಿಗಲ್ಲ” ಎಂದು ಕಾಕಾ ನಕ್ಕರು. ನಗುವಾಗ ಸೊಂಟ ನೋಯಿತು, ನರಳಿದರು, ಮತ್ತೆ ನಕ್ಕರು. “ಇಂಜೆಕ್ಷನ್ ಸೂಜಿ ಕೊಡು.”

ನನ್ನ ಚೀಲದಿಂದ ಹೊಸ ಸೂಜಿ ಒಡೆದು ಕೊಟ್ಟೆ. ನಾನು ಮಾಡುತ್ತೇನೆಂದರೂ ನನ್ನ ಕೈಗೆ ಕೊಡಲಿಲ್ಲ. ಕೆದಕಿದರು, ಊದಿದರು, ಮತ್ತೆ ಕೆದಕಿದರು. ಮುಕ್ಕಾಲು ಗಂಟೆಯ ಮೇಲೆ ಸಿಳ್ಳೆಯಂತೆ ಗಾಳಿ ಆಚೆ ಬಂತು. ಆಮೇಲೆ ಮುಚ್ಚಳವನ್ನು ನನಗೆ ಕೊಟ್ಟು, “ಚಾಲೂ ಮಾಡು. ಆವಾಜ್ ಕೇಳಬೇಕು ನಾ. ಇಲ್ಲಿಂದ ಸರಿಯಾಗಿ ಕೇಳೂದಿಲ್ಲ, ಆ ವಾಕರ್ ತಾ” ಎಂದರು.

ಮಂಚದಿಂದ ಬೀದಿಯ ಕಡೆಯ ಗ್ಯಾಲರಿಗೆ ಹದಿನಾಲ್ಕು ಹೆಜ್ಜೆ. ಎಣಿಸಿದ್ದೇನೆ. ಎರಡು ತಿಂಗಳು ನಾನು ಕೈಮುಗಿದರೂ ಇಡದ ಹೆಜ್ಜೆಗಳು.

ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕೆಳಗೆ ಹೋಗಿ ಗಾಡಿ ಚಾಲೂ ಮಾಡಿದೆ. ತಲೆ ಓರೆ ಮಾಡಿ ಕೇಳಿದರು. “ಛಲೋ ಅದ. ಆದರ ನಿಂತಲ್ಲೇ ಗೊತ್ತಾಗೂದಿಲ್ಲ, ಓಡಬೇಕು. ಸಂಜೀಕ ಹೋಗೂಮುಂದ ನೋಡೂಣು” ಎಂದರು.

ಸಂಜೆ ಐದಕ್ಕೆ ಹೊರಟೆ. ದೇಹು ರೋಡ್ ಬಂತು. ಗಾಡಿ ಕೆಮ್ಮಲಿಲ್ಲ. ನಿಗಡಿ ದಾಟಿತು, ಭೋಸರಿ ಬಂತು. ಬಾಗಿಲ ಮುಂದೆ ಸ್ಟ್ಯಾಂಡ್ ಹಾಕಿ ಕೀಲಿ ಹುಡುಕುತ್ತಿದ್ದಾಗ ಫೋನ್ ರಿಂಗಾಯಿತು. ಸೊಸೆಯ ನಂಬರು. ಏನಾಯಿತೋ ಎಂದು ಗಾಬರಿಯಿಂದ ಎತ್ತಿದೆ. ಮಾತಾಡಿದವರು ಕಾಕಾ.

“ಮುಟ್ಟಿದಿ ಏನು?”

ಬಾಗಿಲಿಗೆ ಆತು ನಿಂತುಬಿಟ್ಟೆ. ಯಜಮಾನರು ಹೋದ ಮೇಲೆ ಯಾರೂ ನನ್ನನ್ನು ಆ ಮಾತು ಕೇಳಿರಲಿಲ್ಲ. ನಾನು ಮುಟ್ಟಿದರೆಷ್ಟು, ಬಿಟ್ಟರೆಷ್ಟು. “ಮುಟ್ಟೇನ್ರಿ” ಎನ್ನಲು ಎಷ್ಟು ಹೊತ್ತಾಯಿತೆಂದರೆ, ಅವರು ಎರಡು ಸಲ “ಹಲೋ, ಹಲೋ” ಎಂದರು.

ಅಂದು ದೀಪ ಹಚ್ಚಿದೆ. ತಪ್ಪಾಯಿತು ಎಂದು ಕೈಮುಗಿದು, ಈ ಗಾಡಿಯ ಮೇಲೆಯೇ ಜೇಜುರಿಗೆ ಬರುತ್ತೇನೆ ಎಂದು ಹರಕೆ ಹೊತ್ತೆ. ಕಾಕಾ ಹೇಳಿದ್ದು ಇಂಜಿನ್ನಿನ ಮಾತು, ಅದು ಸುಳ್ಳಲ್ಲ. ಆದರೆ ಮೂವರು ಮೆಕ್ಯಾನಿಕ್‌ಗಳ ಕಣ್ಣಿಗೆ ಬೀಳದೆ, ಆ ಒಬ್ಬ ಮನುಷ್ಯನ ಮಂಚದವರೆಗೆ ಆ ಪುಡಿ ಹೇಗೆ ಕಾದಿತ್ತು ಎಂದು ಕೇಳಿದರೆ ನನ್ನ ಹತ್ತಿರ ಒಂದೇ ಉತ್ತರ ಇದೆ. ನೀವು ಏನು ಬೇಕಾದರೂ ಅನ್ನಿರಿ.

ಕಾರ್ತಿಕದ ಹೊತ್ತಿಗೆ ಕಾಕಾ ಒಬ್ಬರೇ ಓಡಾಡತೊಡಗಿದರು. ನರ್ಸಿನ ಅಗತ್ಯ ಮುಗಿಯಿತು, ಸಂಸ್ಥೆಯವರು ನನ್ನನ್ನು ಬೇರೆ ಮನೆಗೆ ಹಾಕಿದರು. ಕೊನೆಯ ದಿನ ಗೇಟಿನವರೆಗೆ ಬಂದು ನಿಂತಿದ್ದರು. ಈಗಲೂ ನನ್ನ ಕೋಣೆ ಖಾಲಿಯೇ, ಒಬ್ಬಳೇ ಉಣ್ಣುತ್ತೇನೆ. ಅದು ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಸಂಜೆ ಆರರ ಸುಮಾರಿಗೆ ಫೋನ್ ಬರುತ್ತದೆ, ಒಂದೇ ಪ್ರಶ್ನೆಗೆ.

ಹೋದ ರವಿವಾರ ಹರಕೆ ತೀರಿಸಲು ಸ್ಕೂಟರ್ ಮೇಲೆಯೇ ಜೇಜುರಿಗೆ ಹೋದೆ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಸುತ್ತ ಮರಾಠಿ ಜನ “ಯೇಳಕೋಟ್, ಯೇಳಕೋಟ್” ಎಂದು ಕೂಗುತ್ತಿದ್ದರು. ನಾನು ನಮ್ಮೂರಿನಂತೆ “ಏಳುಕೋಟಿ, ಏಳುಕೋಟಿಗೋ” ಎಂದೆ. ಯಾರಿಗೂ ಬೇರೆ ಅನ್ನಿಸಲಿಲ್ಲ. ಅಂಗಳದ ತುಂಬ ಭಂಡಾರ ಹಾರುತ್ತಿತ್ತು, ಕಣ್ಣು ಬಿಡುವಂತಿರಲಿಲ್ಲ. ಅಷ್ಟರಲ್ಲಿ ಚೀಲದಲ್ಲಿ ಫೋನ್ ಅಲುಗಿತು. ಗದ್ದಲದಲ್ಲಿ ಆಚೆಯ ಮಾತು ಒಂದೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಹಳದಿ ಕೈಯಲ್ಲಿ ಫೋನ್ ಹಿಡಿದು, ದೇವರಿಗೂ ಕೇಳಲಿ ಎಂದು ಗಟ್ಟಿಯಾಗಿ ಕೂಗಿದೆ:

“ಮುಟ್ಟೇನ್ರಿ ಕಾಕಾ!”