ವೀರಬಸಮ್ಮ ಟೀಚರ್ ಇಸ್ತಾಂಬುಲ್ ನೋಡಿದ್ದು

ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವೀರಬಸಮ್ಮ ಹದಿನಾರು ವರ್ಷ ಇತಿಹಾಸ ಕಲಿಸಿದವರು. ಪಾಠದಲ್ಲಿ ಸಾವಿರದ ನಾಲ್ಕುನೂರ ಐವತ್ತಮೂರನೇ ಇಸವಿ ಬಂತೆಂದರೆ ಅವರ ದನಿಯೇ ಬೇರೆಯಾಗುತ್ತಿತ್ತು. ಇಂದು ಇಸ್ತಾಂಬುಲ್ ಆಗಿರುವ ಕಾನ್‌ಸ್ಟಾಂಟಿನೋಪಲ್ಲಿನ ಕೋಟೆಗೋಡೆಯನ್ನು ಬೋರ್ಡಿನ ತುಂಬ ಬರೆದು, ತುರ್ಕರ ತೋಪುಗಳು ಎಲ್ಲಿ ನಿಂತಿದ್ದವು, ಗೋಡೆ ಎಲ್ಲಿ ಬಿರುಕು ಬಿಟ್ಟಿತು ಎಂದು ತೋರಿಸುತ್ತಿದ್ದರು. ‘ಟೀಚರ್, ನೀವು ನೋಡೀರೇನ್ರಿ ಆ ಊರು?’ ಎಂದು ಪ್ರತಿ ವರ್ಷ ಯಾರಾದರೊಬ್ಬ ಹುಡುಗಿ ಕೇಳುವಳು. ‘ಇಲ್ಲವಾ’ ಎಂದು ಅವರು ಮುಂದಿನ ಪುಟ ತಿರುವುವರು.

೧೯೯೪ರಲ್ಲಿ ಆ ಕೆಲಸ ಬಿಟ್ಟರು. ಹುಬ್ಬಳ್ಳಿಯ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದ ಗಂಡ ಬಸವಲಿಂಗಪ್ಪನವರನ್ನು ಒಂದು ಕನ್ಸಲ್ಟಿಂಗ್ ಕಂಪನಿ ನ್ಯೂಜೆರ್ಸಿಗೆ ಕರೆಸಿಕೊಂಡಿತ್ತು. ಆಗ ಹಳೆಯ ಕಾಲದ ದೊಡ್ಡ ಕಂಪ್ಯೂಟರುಗಳ ಪ್ರೋಗ್ರಾಂ ಓದಬಲ್ಲವರಿಗೆ ಎಲ್ಲಿಲ್ಲದ ಬೇಡಿಕೆ. ನಲವತ್ತೇಳನೇ ವಯಸ್ಸಿನಲ್ಲಿ ಬಸವಲಿಂಗಪ್ಪನವರು ಅಲ್ಲಿನ ಪಾರ್ಸಿಪನಿ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿಗೆ ಬಂದಿಳಿದರು. ಜೊತೆಯಲ್ಲಿ ಹೆಂಡತಿ, ಹದಿಮೂರರ ಮಗಳು ಭೂಮಿಕಾ. ವೀರಬಸಮ್ಮನವರ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಗ್ರೀನ್ ಕಾರ್ಡ್ ಬರುವವರೆಗೆ ಆರು ವರ್ಷ ಅಡುಗೆ ಮಾಡಿದರು, ಬಾಲ್ಕನಿಯ ಡಬ್ಬಿಗಳಲ್ಲಿ ಮೆಂತ್ಯ ಬೆಳೆದರು, ಲೈಬ್ರರಿಯಿಂದ ತಂದ ದಪ್ಪ ದಪ್ಪ ಇತಿಹಾಸದ ಪುಸ್ತಕಗಳನ್ನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದರು.

೨೦೦೧ರ ಏಪ್ರಿಲ್‌ನಲ್ಲಿ ಒಂದು ಸಂಜೆ ಬಸವಲಿಂಗಪ್ಪನವರು ಊಟದ ನಡುವೆ ಹೇಳಿದರು: ‘ಇಸ್ತಾಂಬುಲ್‌ಗೆ ಟಿಕೆಟ್ ತಗಸೀನಿ. ಮುಂದಿನ ತಿಂಗಳು ಹೋಗೂಣು.’

ವೀರಬಸಮ್ಮನವರಿಗೆ ನಂಬಿಕೆ ಬರಲಿಲ್ಲ. ಏಳು ವರ್ಷದಲ್ಲಿ ನಯಾಗರಾ ಬಿಟ್ಟರೆ ಬೇರೆಲ್ಲಿಗೂ ರಜೆ ಹಾಕಿ ಹೋದವರಲ್ಲ ಆತ.

‘ಆಫೀಸಿನ್ಯಾಗ ಬಿಡ್ತಾರಂತ?’

‘ಬಿಡ್ತಾರ.’

ಮೇ ತಿಂಗಳ ಎರಡನೇ ವಾರ ಇಬ್ಬರೂ ಹೊರಟರು. ಮೊದಲ ಎರಡು ದಿನ ಅರಮನೆ, ಸಂತೆ, ದೋಣಿ ಎಲ್ಲ ಆಯಿತು. ಗಂಡ ಯಾಕೋ ಮಾತು ಕಡಿಮೆ ಮಾಡಿದ್ದಾರೆ ಅನ್ನಿಸಿತು. ಹೋಟೆಲಿನ ಕೋಣೆಯ ನಂಬರನ್ನು ಅಂಗೈಮೇಲೆ ಪೆನ್ನಿನಲ್ಲಿ ಬರೆದುಕೊಂಡದ್ದೂ ಕಣ್ಣಿಗೆ ಬಿತ್ತು. ದಣಿವಿರಬೇಕು ಎಂದುಕೊಂಡರು.

ಮೂರನೇ ದಿನ ಗೋಡೆ ನೋಡಲು ಹೋದರು. ಊರಿನ ಪಶ್ಚಿಮ ಅಂಚಿನಲ್ಲಿ ಕಣ್ಣು ಹರಿಯುವಷ್ಟು ದೂರ ಅದು ನಿಂತಿತ್ತು. ಕಲ್ಲಿನ ಸಾಲುಗಳ ನಡುವೆ ಕೆಂಪು ಇಟ್ಟಿಗೆಯ ಪಟ್ಟೆ, ಕುಸಿದ ಬುರುಜುಗಳ ಮೇಲೆ ಗಿಡಗಂಟಿ. ವೀರಬಸಮ್ಮ ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಎರಡೂ ಕೈ ಇಟ್ಟರು. ಕಲ್ಲು ಬಿಸಿಲಿಗೆ ಬೆಚ್ಚಗಿತ್ತು. ಅಷ್ಟು ವರ್ಷ ಪುಸ್ತಕ ನೋಡಿ ಬರೆದದ್ದಕ್ಕಿಂತ ಗೋಡೆ ಎಷ್ಟೋ ದಪ್ಪಗಿದೆ, ತಾನು ಮಕ್ಕಳಿಗೆ ತೆಳ್ಳಗೆ ಬರೆದು ತೋರಿಸಿಬಿಟ್ಟೆ ಅನ್ನಿಸಿತು.

‘ನೀ ನೋಡ್ತಿರು, ನಾ ನೀರು ತರ್ತೀನಿ’ ಎಂದು ಬಸವಲಿಂಗಪ್ಪನವರು ರಸ್ತೆ ದಾಟಿ ಹೋದರು.

ಹತ್ತು ನಿಮಿಷವಾಯಿತು, ಅರ್ಧ ತಾಸಾಯಿತು, ಒಂದು ತಾಸಾಯಿತು. ಗಂಡ ಬರಲಿಲ್ಲ. ಹೋಟೆಲಿನ ಕಾರ್ಡು, ಪಾಸ್‌ಪೋರ್ಟು, ನಕ್ಷೆ ಎಲ್ಲ ಗಂಡನ ಹೆಗಲಚೀಲದಲ್ಲೇ ಇದ್ದವು. ಇಬ್ಬರಲ್ಲೂ ಫೋನಿರಲಿಲ್ಲ. ಎದುರಿನ ಅಂಗಡಿಯಲ್ಲಿ ಕೈಸನ್ನೆ ಮಾಡಿ ಕೇಳಿದರೆ ಅಂಗಡಿಯವನು ಗೋಡೆಯ ಗುಂಟ ದಕ್ಷಿಣಕ್ಕೆ ಬೆರಳು ತೋರಿಸಿದ. ವೀರಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದರು. ಓಡಲಿಲ್ಲ. ಓಡಿದರೆ ಎದೆಯೊಳಗಿನ ಹೆದರಿಕೆ ತನ್ನನ್ನೂ ದಾಟಿ ಮುಂದೆ ಹೋದೀತು ಎಂದು ಒಂದೊಂದೇ ಬುರುಜು ಎಣಿಸುತ್ತ ಹೋದರು.

ಹದಿನಾಲ್ಕನೇ ಬುರುಜಿನ ಬುಡದಲ್ಲಿ, ಹಿಂದೆ ಕಂದಕವಿದ್ದ ತಗ್ಗಿನಲ್ಲಿ ಕಾಯಿಪಲ್ಲೆ ತೋಟವಿತ್ತು. ತಲೆಗೆ ವಸ್ತ್ರ ಕಟ್ಟಿದ ಒಬ್ಬ ಮುದುಕಿ ಸೊಪ್ಪು ಕೊಯ್ಯುತ್ತಿದ್ದಳು. ಅವಳ ಪಕ್ಕದಲ್ಲಿ ಬೋರಲು ಹಾಕಿದ ಕಟ್ಟಿಗೆ ಪೆಟ್ಟಿಗೆಯ ಮೇಲೆ ಬಸವಲಿಂಗಪ್ಪನವರು ಕೂತಿದ್ದರು. ಕೈಯಲ್ಲಿ ಚಹಾದ ಪುಟ್ಟ ಗಾಜಿನ ಲೋಟ. ಮುದುಕಿಗೆ ಕನ್ನಡದಲ್ಲಿ ಏನೋ ಹೇಳುತ್ತಿದ್ದರು. ಅವಳು ತನ್ನ ಭಾಷೆಯಲ್ಲಿ ಹೂಂಗುಟ್ಟುತ್ತಿದ್ದಳು.

ಹೆಂಡತಿಯನ್ನು ಕಂಡು ಅವರು ಎದ್ದರು.

‘ಬಂದ್ಯಾ? ಇವರಿಗೆ ಏನೋ ಕೇಳ್ಬೇಕಂತ ಬಂದೆ. ಏನು ಕೇಳ್ಬೇಕಿತ್ತು ಅನ್ನೋದ ಮರ್ತು ಹೋತು. ಹೋಟೆಲ್ ಹೆಸರೂ ಬರಲಿಲ್ಲ.’

‘ಕಾರ್ಡು ನಿಮ್ಮ ಚೀಲದಾಗ ಐತಲ್ಲ.’

ಅವರು ಹೆಗಲಿಗೆ ನೇತುಬಿದ್ದ ಚೀಲವನ್ನು ಮೊದಲ ಸಲ ಕಂಡವರ ಹಾಗೆ ನೋಡಿಕೊಂಡರು.

ಮುದುಕಿ ಇನ್ನೊಂದು ಪೆಟ್ಟಿಗೆ ಎಳೆದು ಹಾಕಿ, ಇನ್ನೊಂದು ಲೋಟ ಚಹಾ ತಂದಿಟ್ಟು, ಕೊಯ್ದ ಸೊಪ್ಪನ್ನು ಹೊತ್ತುಕೊಂಡು ತೋಟದ ಆ ತುದಿಗೆ ಹೋದಳು. ಆಗ ಬಸವಲಿಂಗಪ್ಪನವರು ಹೇಳಿದರು.

‘ನನ್ನ ಕೆಲಸ ಫೆಬ್ರವರಿಗೇ ಹೋತು.’

‘ಮತ್ತ ದಿನಾ ಬುತ್ತಿ ಕಟ್ಟಿಸ್ಕೊಂಡು ಎಲ್ಲಿ ಹೋಗ್ತಿದ್ರಿ?’

‘ಲೈಬ್ರರಿಗೆ. ಕಾರಿನ್ಯಾಗ ಕುಂತು ಉಣ್ತಿದ್ದೆ.’ ಲೋಟವನ್ನು ನೆಲದ ಮೇಲಿಟ್ಟರು. ‘ನಾನೇ ಬರ್ದ ಪ್ರೋಗ್ರಾಂ ಅದು. ಮುಂದ ಇಟ್ಕೊಂಡು ಕುಂತ್ರ ಯಾರೋ ಬ್ಯಾರೆಯವರು ಬರ್ದಂಗ ಕಾಣ್ತಿತ್ತು. ಡಾಕ್ಟರ್ ಕಡೆ ಹೋಗಿದ್ದೆ. ಮೂರು ಶಬ್ದ ಹೇಳಿದ್ರು, ಐದು ನಿಮಿಷ ಬಿಟ್ಟು ತಿರುಗಿ ಕೇಳಿದ್ರು. ಒಂದೂ ಬರಲಿಲ್ಲ. ಸ್ಕ್ಯಾನ್ ಆತು, ಎಲ್ಲಾ ಆತು. ಮರೆವಿನ ರೋಗ ಅಂದ್ರು. ಈ ವಯಸ್ಸಿಗೂ ಬರ್ತದಂತ.’

‘ನನಗ್ಯಾಕ ಹೇಳಲಿಲ್ಲ?’

‘ಹೇಳಿದ್ರ ನೀ ಇಲ್ಲಿಗೆ ಬರ್ತಿದ್ದಿಲ್ಲ. ಮುಂದಿನ ವರ್ಷ ಕರ್ಕೊಂಡು ಬಂದ್ರ, ಎಲ್ಲಿಗೆ ಬಂದೀವಿ ಅನ್ನೋದು ನನಗ ತಿಳಿತದೋ ಇಲ್ಲೋ. ಅದಕ್ಕ ಈಗ.’

ವೀರಬಸಮ್ಮ ಚಹಾ ಆರುವವರೆಗೂ ಲೋಟ ಕೈಯಲ್ಲಿ ಹಿಡಿದು ಕೂತಿದ್ದರು. ಮೂರು ತಿಂಗಳು ತಾನು ಕಟ್ಟಿಕೊಟ್ಟ ರೊಟ್ಟಿ, ಝುಣಕವನ್ನು ಈ ಮನುಷ್ಯ ಒಬ್ಬನೇ ಕಾರಿನಲ್ಲಿ ಕೂತು ಉಂಡದ್ದು ಕಣ್ಣಿಗೆ ಕಟ್ಟಿತು. ಸಿಟ್ಟು ಬಂತು. ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ.

‘ನಾಳೆ ವಾಪಸ್ ಹೋಗೂಣೇನು? ಟಿಕೆಟ್ ಬದಲಾಯಿಸ್ತೀನಿ’ ಎಂದರು ಗಂಡ.

‘ಇಲ್ಲ. ನೋಡಾಕ ಬಂದೀವಿ. ನೋಡೇ ಹೋಗೂಣು.’

ಅವರು ಗಂಡನ ಹೆಗಲಿನಿಂದ ಚೀಲ ಇಳಿಸಿ ತಮ್ಮ ಹೆಗಲಿಗೆ ಹಾಕಿಕೊಂಡರು. ಉಳಿದ ಮೂರು ದಿನ ನಕ್ಷೆ ಬಿಡಿಸಿದವರು, ಟ್ರಾಮಿಗೆ ಕೈ ಹಿಡಿದು ಹತ್ತಿಸಿದವರು ಅವರೇ. ಒಂದು ಕಾಲಕ್ಕೆ ಚರ್ಚು, ಆಮೇಲೆ ಮಸೀದಿಯಾಗಿದ್ದ ಆಯಾಸೋಫಿಯಾದ ದೊಡ್ಡ ಗುಮ್ಮಟದ ಕೆಳಗೆ ದುರಸ್ತಿಗೆಂದು ಕಬ್ಬಿಣದ ಅಟ್ಟಣಿಗೆ ಕಟ್ಟಿದ್ದರು. ‘ಇದನ್ನ ಕಟ್ಟಿಸಿದವರು ಯಾರು?’ ಎಂದು ಬಸವಲಿಂಗಪ್ಪನವರು ಕೇಳಿದರು. ಹೆಂಡತಿ ಹೇಳಿದರು. ಹೊರಗೆ ಬಂದು ಅಂಗಳದಲ್ಲಿ ಕೂತಾಗ ಅದನ್ನೇ ಮತ್ತೆ ಕೇಳಿದರು. ವೀರಬಸಮ್ಮ ಮೊದಲ ಸಲ ಹೇಳಿದಷ್ಟೇ ನಿಧಾನವಾಗಿ ಮತ್ತೆ ಹೇಳಿದರು.

ಪಾರ್ಸಿಪನಿಗೆ ಮರಳಿದ ಮೇಲೆ ಕಾಲೇಜಿನಲ್ಲಿದ್ದ ಮಗಳನ್ನು ಕರೆಸಿ ಎದುರು ಕೂರಿಸಿ ಹೇಳಿದರು. ‘ವೈ ಡಿಡಂಟ್ ಹಿ ಟೆಲ್ ಅಸ್, ಅವ್ವಾ?’ ಎಂದು ಭೂಮಿಕಾ ಅತ್ತಳು. ಆ ವಾರವೇ ಗದಿಗೆಪ್ಪ ಬಂದ. ಲಕ್ಷ್ಮೇಶ್ವರದ ಕಡೆಯವನು, ಅದೇ ಆಫೀಸಿನಲ್ಲಿ ಐದು ವರ್ಷ ಬಸವಲಿಂಗಪ್ಪನವರ ಪಕ್ಕದ ಕುರ್ಚಿಯಲ್ಲಿ ಕೂತವನು. ಬಾಗಿಲಲ್ಲೇ ನಿಂತು ತಲೆ ತಗ್ಗಿಸಿದ.

‘ಅಕ್ಕಾರ, ನನಗ ಗೊತ್ತಿತ್ತರಿ. ಅವರ ತಪ್ಪು ಒಂದು ವರ್ಷ ನಾನೇ ತಿದ್ದಿ ಕೊಡ್ತಿದ್ದೆ. ಮನ್ಯಾಗ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಿದ್ರು.’

‘ಒಳಗ ಬಾರಪ್ಪ’ ಎಂದರು ವೀರಬಸಮ್ಮ. ‘ಆದದ್ದು ಆತು. ನನಗ ಒಂದು ಉಪಕಾರ ಮಾಡು. ಐತವಾರ ಎರಡು ತಾಸು ಬಂದು ಅವರ ಜೋಡಿ ಕೂಡು. ಗಂಡಸರ ಮಾತು ಬೇಕು ಅವರಿಗೆ.’

ಗದಿಗೆಪ್ಪ ಆರು ವರ್ಷ ಐತವಾರ ತಪ್ಪಿಸಲಿಲ್ಲ.

ಐವತ್ತೊಂದನೇ ವಯಸ್ಸಿನಲ್ಲಿ ವೀರಬಸಮ್ಮ ಪಕ್ಕದೂರು ಲೇಕ್ ಹಯವಾಥಾದ ಒಂದು ಡೇಕೇರಿನಲ್ಲಿ ಕೆಲಸಕ್ಕೆ ಸೇರಿದರು. ಗದಗಿನ ಹದಿನಾರು ವರ್ಷ ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಮಕ್ಕಳಿಗೆ ಶೂ ಹಾಕುವುದು, ಹಣ್ಣು ಹೆಚ್ಚುವುದು, ಮಲಗಿಸುವುದು ಅವರ ಪಾಲಿಗೆ ಬಂತು. ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದರು. ಹಗಲು ಹೊತ್ತು ಗಂಡನನ್ನು ನೋಡಿಕೊಳ್ಳಲು ಒಬ್ಬ ಗುಜರಾತಿ ಹೆಂಗಸು ಬರುತ್ತಿದ್ದಳು. ಕನ್ನಡ ಕೂಟದಲ್ಲಿ ಯಾರಾದರೂ ‘ಅಂಕಲ್ ಯಾಕೆ ಬಂದಿಲ್ಲ?’ ಎಂದರೆ, ‘ಅವರಿಗೆ ಮರೆವಿನ ರೋಗ’ ಎಂದು ಮರೆಮಾಚದೆ ಹೇಳುತ್ತಿದ್ದರು. ಮೊದಮೊದಲು ಜನ ಮಾತು ಬದಲಿಸುತ್ತಿದ್ದರು. ಆಮೇಲೆ ಒಬ್ಬಿಬ್ಬರು ಪಕ್ಕಕ್ಕೆ ಕರೆದು ತಮ್ಮ ಮನೆಯ ಸಂಗತಿಯನ್ನೂ ಹೇಳತೊಡಗಿದರು.

ಎರಡನೇ ವರ್ಷಕ್ಕೆ ಬಸವಲಿಂಗಪ್ಪನವರಿಗೆ ಇಸ್ತಾಂಬುಲ್ ಮರೆತಿತ್ತು, ನಾಲ್ಕನೇ ವರ್ಷಕ್ಕೆ ಮಗಳ ಹೆಸರು. ೨೦೦೭ರ ಜನವರಿಯಲ್ಲಿ ನ್ಯೂಮೋನಿಯಾ ಆಗಿ ತೀರಿಕೊಂಡರು.

ಅಂತ್ಯಕ್ರಿಯೆ ಮುಗಿದು ಬಂದ ಮೊದಲ ಐತವಾರ ಹೊರಗೆ ಹಿಮ ಬಿದ್ದಿತ್ತು. ಹತ್ತು ಗಂಟೆಗೆ ಬೆಲ್ ಆಯಿತು. ಗದಿಗೆಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ‘ಯಾಕೋ ಕಾರು ಈ ಕಡೆನ ಬಂತ್ರಿ ಅಕ್ಕಾರ’ ಎಂದ. ವೀರಬಸಮ್ಮ ಅವನ ಒದ್ದೆ ಬೂಟು ಬಾಗಿಲಲ್ಲೇ ಬಿಡಿಸಿ, ಒಳಗೆ ಕರೆದು, ಎರಡು ಕಪ್ ಚಹಾಕ್ಕೆ ನೀರಿಟ್ಟರು.