ಸಾಹೇಬರನ್ನು ವಿಚಾರಿಸುತ್ತಿದ್ದ ನೀಲತ್ತೆ

ಕಲಘಟಗಿಯ ಬಸ್ಸಿಳಿದು ಬಂದ ನೀಲತ್ತೆ ಮೊದಲು ಮಾತಾಡಿಸುತ್ತಿದ್ದದ್ದು ನನ್ನನ್ನಲ್ಲ, ನನ್ನ ಎಡಗಾಲನ್ನು. "ಸಾಹೇಬ್ರು ಆರಾಮದಾರೇನ್ರಿ? ಕೆಲಸ ಒಂದೂ ಇಲ್ಲ, ಎಣ್ಣಿ ಮಾತ್ರ ದಿನಾ ಬೇಕು!" ಎರಡು ವರ್ಷದವಳಿದ್ದಾಗ ಬಂದ ಪೋಲಿಯೋ ಆ ಕಾಲನ್ನು ಸೊರಗಿಸಿ ಹೋಗಿತ್ತು. ದೇವಿಕೊಪ್ಪದ ನಮ್ಮ ಮನೆಗೆ ಬಂದವರೆಲ್ಲ ಅದನ್ನು ನೋಡಿ ಲೊಚಗುಟ್ಟುವವರೇ. ಅಪ್ಪನ ಅಕ್ಕ ನೀಲತ್ತೆಗೆ ಮಾತ್ರ ಅದರ ಮೇಲೆ ಎಲ್ಲಿಲ್ಲದ ಕುತೂಹಲ.

ಎಣ್ಣೆ ತಿಕ್ಕುತ್ತ ಕಸಬರಿಗೆಯ ಕಡ್ಡಿಯಿಂದ ಅಂಗಾಲು ಕೆರೆಯುವಳು. ನಾನು ಕಿಸಕ್ಕನೆ ನಕ್ಕರೆ ಕಣ್ಣರಳಿಸುವಳು. "ಎಲಾ ಇವನ! ಕಚಗುಳಿ ಗೊತ್ತಾಗತೈತಿ, ಎದ್ದ ನಿಂದ್ರೂದ ಗೊತ್ತಾಗೂದಿಲ್ಲ. ಇದೆಂಥಾ ಜಡ್ಡಲೇ ತಂಗಿ?" ನನಗೇನು ಗೊತ್ತು? ಆದರೆ ಹಾಗೆ ಕೇಳುತ್ತಿದ್ದವಳು ಅವಳೊಬ್ಬಳೇ ಎಂದು ನನಗೆ ದೊಡ್ಡ ಹೆಮ್ಮೆ.

ಅಜ್ಜಿಯ ಪ್ರಕಾರ ತಪ್ಪೆಲ್ಲ ತೊಟ್ಟಿಲಿನದು. ಕಲಘಟಗಿಯಿಂದ ತಂದ ಬಣ್ಣದ ತೊಟ್ಟಿಲಲ್ಲಿ ಮಲಗಿದ್ದಾಗಲೇ ನನಗೆ ಜ್ವರ ಬಂದದ್ದು. ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿಸಿದಳು. ಆಮೇಲೆ ಹುಟ್ಟಿದ ತಮ್ಮನಿಗೆ ಸೀರೆಯ ಜೋಳಿಗೆಯೇ ಗತಿಯಾಯಿತು.

ನಾಲ್ಕನೆಯ ಇಯತ್ತೆ ಮುಗಿಯುವವರೆಗೂ ಅಪ್ಪ ನನ್ನನ್ನು ಹೊತ್ತೇ ಶಾಲೆಗೆ ಬಿಡುತ್ತಿದ್ದ. ಆ ಬೇಸಿಗೆಯಲ್ಲಿ, "ಹುಡಿಗಿ ದೊಡ್ಡಾಕಿ ಆದ್ಲು. ಇನ್ನ ಹೊತ್ಕೊಂಡ ತಿರಗೂದ ಛಲೋ ಅಲ್ಲ, ಸಾಲಿ ಸಾಕು" ಎಂದುಬಿಟ್ಟ. ಅವನು ಕೊಟ್ಟಿದ್ದ ಬಿದಿರ ಕೋಲನ್ನು ನಾನೇ ಹಿತ್ತಲಿಗೆ ಎಸೆದಿದ್ದೆ. ಅದನ್ನು ಊರಿದ ದಿನ ಓಣಿಯೆಲ್ಲ ನನ್ನ ಕಾಲನ್ನೇ ನೋಡಿತ್ತು. ಶಾಲೆ ಬೇಕು, ಕೋಲು ಬೇಡ ಎಂದು ಅಳುತ್ತ ಕೂತೆ.

"ನಿನಗ ಕೋಲ ಬ್ಯಾಡೋ, ಮಂದಿ ನೋಡೂದ ಬ್ಯಾಡೋ?" ನೀಲತ್ತೆ ಕೇಳಿದಳು.

"ಮಂದಿ ನೋಡೂದ."

ನೀಲತ್ತೆ ಸೀದಾ ಅಟ್ಟ ಹತ್ತಿದಳು. ತೊಟ್ಟಿಲು ತೂಗುಹಾಕುವ ಅಡ್ಡಕೋಲನ್ನು ಹಿಡಿದು ಇಳಿದಳು: ಕೆಂಪು ಅರಗು, ಮೇಲೆ ಹಸಿರು ಗಿಳಿಗಳು.

"ಆ ಅಪಶಕುನದ ಕಟಗೀನ ಮತ್ತ ಕೂಸಿನ ಕೈಯಾಗ ಕೊಡ್ತೀಯೇನ?" ಅಜ್ಜಿ ಕೂಗಾಡಿದಳು.

"ಕೊಡ್ತೇನಿ ಬೇ. ತಪ್ಪ ಇದರದ ಇದ್ರ, ಇದ ದುಡೀಲಿ."

ಬೆಳೆಯುವ ಹುಡುಗಿ ಎಂದು ಒಂದು ಗೇಣು ಹೆಚ್ಚೇ ಬಿಟ್ಟು ಬಡಿಗನಿಂದ ಕೊಯ್ಯಿಸಿ ನನ್ನ ಕೈಗಿಟ್ಟಳು. "ಈಗ ನೋಡ್ಲಿ ತಗೋ. ಗಿಳಿ ಬಿಟ್ಟ ಕಾಲ ಯಾರ ನೋಡ್ತಾರ?"

ಶಾಲೆ ಸುರುವಾದ ದಿನ ಬಲಗೈಲಿ ಕೋಲು, ಎಡಗೈ ತೊಡೆಯ ಮೇಲೆ ಒತ್ತಿ, ಬಿದ್ದು ಎದ್ದು ನಡೆದೇ ಹೋದೆ. ಕೋಲು ಮುಟ್ಟಿ ನೋಡಲು ಹುಡುಗಿಯರು ಜಗಳಾಡಿದರು.

ಧಾರವಾಡದಲ್ಲಿ ಕಲಿತು ಕುಂದಗೋಳದಲ್ಲಿ ಶಿಕ್ಷಕಿಯಾದ ಮೇಲೆ ಕಲಘಟಗಿಗೆ ನೀಲತ್ತೆಯನ್ನು ನೋಡಲು ಹೋದೆ. ಅವಳ ಕಣ್ಣುಗಳು ಪೂರಾ ಹೋಗಿದ್ದವು. ಕೋಲಿನ ಸದ್ದು ಕೇಳಿದ್ದೇ, "ಸಾಹೇಬ್ರು ಬಂದ್ರು!" ಎಂದು ಎದ್ದು ಕೂತಳು. ಕೋಲು ಇಸಿದುಕೊಂಡು ಬೆರಳಾಡಿಸಿದಳು.

"ಮ್ಯಾಲಿನ ಗಿಳಿ ಎಲ್ಲಿ ಹೋತ?"

"ನನ್ನ ಕೈಯಾಗ ಸವದ ಹೋತ, ಅತ್ತಿ."

"ಹಂಗಾರ ಭಾಳ ಅಡ್ಡಾಡೀದಿ. ಎಲ್ಲೆಲ್ಲಿ ಹೋಗಿದ್ರಿ ಇಬ್ರೂ? ಒಂದೂ ಬಿಡದ ಹೇಳ."

ಸಂಜೆಯ ಬಸ್ಸು ತಪ್ಪುವವರೆಗೂ ಹೇಳಿದೆ. ಮುಂದಿನ ಮಳೆಗಾಲಕ್ಕೆ ಅವಳಿರಲಿಲ್ಲ.

ಈಗ ಆ ಕಾಲು ಮತ್ತಷ್ಟು ಸೋತಿದೆ. ಎಲ್ಲಿ ನೋವು ಎಂದು ಡಾಕ್ಟರು ಒಳ್ಳೆಯ ಮಾತಿನಿಂದಲೇ ಕೇಳುತ್ತಾರೆ, ನಾನೂ ಹೇಳುತ್ತೇನೆ. ಸಾಹೇಬರು ಆರಾಮದಾರೇನು ಎಂದು ಕೇಳುವವರು ಮಾತ್ರ ಯಾರೂ ಇಲ್ಲ.