ಆಗುತ್ತೆ, ಆಗಲ್ಲ

"ಪ್ರವೇಶ ಪರೀಕ್ಷೆಯವರಿಗೆ ಮೂರು ಗಂಟೆ ಬೇಕು. ನನಗೆ ಮೂರು ನಿಮಿಷ, ಒಂದು ಟೇಪು ಸಾಕು. ಯಾರು ಒಳ್ಳೇ ಡಾಕ್ಟರಾಗ್ತಾರೆ, ಯಾರು ಆಗಲ್ಲ, ಹೇಳಿಬಿಡ್ತೀನಿ!"

ವೈದ್ಯಕೀಯ ಕಾಲೇಜಿನ ಎದುರು ಹೊಲಿಗೆ ಅಂಗಡಿ ಇಟ್ಟಿದ್ದ ಟೇಪ್ ಮಾಮ ಮೂವತ್ತು ವರ್ಷದಿಂದ ಹೀಗೆ ಕೊಚ್ಚಿಕೊಳ್ಳುತ್ತಿದ್ದ. ಅವನು ಹೊಲಿದ ಬಿಳಿ ಕೋಟುಗಳನ್ನೆಲ್ಲ ಒಟ್ಟಿಗೆ ಒಣಹಾಕಿದ್ದರೆ ಚಂದ್ರ ನಾಚಿ ರಜೆ ಹಾಕುತ್ತಿದ್ದ. ಹೊಸದಾಗಿ ಸೇರಿದವರು ಅಳತೆ ಕೊಡುವಾಗ ಅಲ್ಲಾಡದೆ ನಿಂತರೆ ಅಳತೆ ಪುಸ್ತಕದಲ್ಲಿ ತೋಳಿನುದ್ದದ ಪಕ್ಕ 'ಆಗುತ್ತೆ' ಎಂದು ಬರೆಯುತ್ತಿದ್ದ. ಮಿಸುಕಾಡಿದರೆ 'ಆಗಲ್ಲ'.

ಒಂದು ವರ್ಷ ಪ್ರವೇಶ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದ ಹುಡುಗ ಎಷ್ಟು ನೆಟ್ಟಗೆ ನಿಂತನೆಂದರೆ, ಗಿರಾಕಿಯೊಬ್ಬರು ಅವನ ಭುಜಕ್ಕೆ ಕೊಡೆ ನೇತುಹಾಕಿ ಹೋದರು. ಆಗುತ್ತೆ! ಪಟ್ಟಿಯ ಕೊನೇ ಸೀಟಿಗೆ ಹೇಗೋ ನುಸುಳಿದ ಹುಡುಗಿಗೆ ಟೇಪು ಕತ್ತಿಗೆ ತಾಕಿದ್ದೇ ತಡ, ಕಚಗುಳಿ. ಕಿಲಕಿಲ ನಕ್ಕು, ಗುಂಡಿ ಡಬ್ಬಿ ಬೀಳಿಸಿ, ಆರಿಸಲು ಬಗ್ಗಿ ಮೇಜಿಗೆ ತಲೆ ಬಡಿಸಿಕೊಂಡು, ಮತ್ತೆ ನಕ್ಕಳು. ಆಗಲ್ಲ!

"ಪರೀಕ್ಷೆ ಹೇಳಿದ್ದನ್ನೇ ನನ್ನ ಟೇಪೂ ಹೇಳ್ತು ನೋಡೇ," ಎಂದು ಹೆಂಡತಿಯ ಮುಂದೆ ಬೀಗಿದ.

ಕೋಟಿನ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಆಕೆ ತಲೆ ಎತ್ತಲಿಲ್ಲ. "ನಿಮ್ಮನ್ನ ನೋಡಿ ನಮ್ಮಪ್ಪನೂ 'ಆಗುತ್ತೆ' ಅಂದಿದ್ರು."

ಐದು ವರ್ಷಕ್ಕೆ ಇಬ್ಬರೂ ಎದುರಿನ ಕಾಲೇಜಿನ ಆಸ್ಪತ್ರೆಯಲ್ಲೇ ಕಿರಿಯ ಡಾಕ್ಟರುಗಳಾದರು. ಒಂದು ಬೆಳಿಗ್ಗೆ ಮೊದಲ ಸ್ಥಾನದವನು ಗುಂಡಿ ಹಾಕಿಸಲು ಬಂದ. ಟೇಪ್ ಮಾಮ ದವಡೆ ಉಜ್ಜಿಕೊಳ್ಳುತ್ತ, "ಯಾಕೋ ಎದೆ ಹಿಡಿದ ಹಾಗಿದೆ ಡಾಕ್ಟ್ರೇ," ಎಂದ. ಅವನು ಫೋನಿನಿಂದ ಕಣ್ಣು ಕೀಳದೆ, "ಗ್ಯಾಸು. ಸೋಡಾ ಕುಡೀರಿ," ಎಂದು ನೆಟ್ಟಗೆ ನಡೆದುಬಿಟ್ಟ.

ಅವನ ಬೆನ್ನಿಗೇ ಆ ಹುಡುಗಿ ಬಂದಳು. "ಮಾಮ, ಕೋಟು ತುಂಬಾ ಬಿಗಿ, ಸ್ವಲ್ಪ ಹೊಲಿಗೆ ಬಿಚ್ಚಿ..." ಮಾತು ಅಲ್ಲಿಗೇ ನಿಂತಿತು. "ಫ್ಯಾನ್ ಕೆಳಗೆ ಕೂತು ಯಾಕಿಷ್ಟು ಬೆವರ್ತಿದೀರಿ? ಎಡಗೈ ನೋಯ್ತಿದೆಯಾ?"

"ಏನಿಲ್ಲಮ್ಮ, ಮೆಷಿನ್ ತುಳಿದು ತುಳಿದು..."

"ಮೆಷಿನ್ ತುಳಿಯೋದು ಕಾಲಲ್ಲಿ ಮಾಮ! ಏಳ್ಬೇಡಿ!"

ಅಂಗಡಿಯ ಗಾಲಿ ಹಚ್ಚಿದ ಕುರ್ಚಿಯಲ್ಲಿ ಕೂತಿದ್ದವನನ್ನು ಕುರ್ಚಿ ಸಮೇತ ತಳ್ಳಿಕೊಂಡು ರಸ್ತೆಗಿಳಿದಳು. ಬಸ್ಸು ನಿಂತಿತು, ಲಾರಿ ನಿಂತಿತು, ಗಾಳಿಯೂ ಪಕ್ಕಕ್ಕೆ ಸರಿಯಿತು. ಕೊರಳ ಟೇಪು ಬಾವುಟದಂತೆ ಹಾರುತ್ತಿತ್ತು. "ಇಸ್ತ್ರಿಪೆಟ್ಟಿಗೆ ಆರಿಸಿಲ್ಲ ಕಣಮ್ಮಾ!" ಎಂದು ಅವನು ಅರಚಿದ್ದು ಆಸ್ಪತ್ರೆಯ ಮೂರನೇ ಮಹಡಿಗೂ ಕೇಳಿಸಿತು.

ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಬಿಡಿಸಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಇವನ ಅಳತೆಯನ್ನು ಚಟ್ಟ ಕಟ್ಟುವವರು ತೆಗೆದುಕೊಳ್ಳಬೇಕಾಗುತ್ತಿತ್ತು ಎಂದರು ದೊಡ್ಡ ಡಾಕ್ಟರು.

ಮೂರನೇ ದಿನ ಹುಡುಗಿ ನಾಡಿ ನೋಡುತ್ತಿದ್ದಾಗಲೇ ಹೆಂಡತಿ ಹಳೇ ಅಳತೆ ಪುಸ್ತಕ ತಂದು ಹಾಸಿಗೆಯ ಮೇಲೆ ತೆರೆದಳು. "ನಿಮ್ಮ ಜೀವ ಉಳಿಸಿದವಳ ಅಳತೆ ಪಕ್ಕ ಏನು ಬರೆದಿದೀರಿ? ಜೋರಾಗಿ ಓದಿ."

ಹುಡುಗಿ ಬಗ್ಗಿ ನೋಡಿದಳು. "'ಆಗಲ್ಲ'? ಮಾಮಾ! ನಾನು ಡಾಕ್ಟರ್ ಆಗಲ್ಲ ಅಂತ ಬರೆದಿದ್ರಾ?"

ಟೇಪ್ ಮಾಮ ಛಾವಣಿ ನೋಡಿದ. ಅವನ ಎದೆಬಡಿತ ಎಣಿಸುತ್ತಿದ್ದ ಯಂತ್ರ ಟಿಕ್ ಟಿಕ್ ಎಂದು ಓಟ ಕಿತ್ತಿತು.

"ಥೂ, ನಿನ್ನ ವಿಷಯ ಯಾರು ಬರೆದರು? ಅದು ಕೋಟಿನ ವಿಷಯ! ಈ ಹುಡುಗಿ ಬೆಳೀತಾಳೆ, ಈ ಕೋಟು ಇವಳಿಗೆ ಆಗಲ್ಲ ಅಂತ ಅವತ್ತೇ ಗೊತ್ತಿತ್ತು ನನಗೆ. ಈಗ ಹೇಳು, ಹೊಲಿಗೆ ಬಿಚ್ಚಿಸೋಕೆ ಬಂದಿದ್ದು ನೀನೋ, ನಾನೋ?"